ರಜೆಯ ಪ್ರವಾಸಕ್ಕೆ ಹೊರಟ ಪದವಿ ವಿದ್ಯಾರ್ಥಿಗಳು: ಲೈಂಗಿಕ ಆರೋಗ್ಯದ ಬಗ್ಗೆ ಹೊರಡುವ ಮೊದಲೇ ಏನು ಮಾತಾಡಿಕೊಳ್ಳಬೇಕು?

ಪ್ರವಾಸದ ಹೊಣೆ ಹೊತ್ತವನು

ನಾವು ಅಂತಿಮ ವರ್ಷದ ಹದಿನಾಲ್ಕು ಮಂದಿ, ಎಲ್ಲರೂ ಇಪ್ಪತ್ತು ದಾಟಿದವರು, ಪರೀಕ್ಷೆ ಮುಗಿದ ಮೇಲೆ ಐದು ರಾತ್ರಿಗಳ ಮಟ್ಟಿಗೆ ಕಡಲತೀರದ ಊರೊಂದಕ್ಕೆ ಹೊರಟಿದ್ದೇವೆ. ಟಿಕೆಟ್, ಕೋಣೆ, ಖರ್ಚಿನ ಲೆಕ್ಕ, ಔಷಧದ ಪೆಟ್ಟಿಗೆ ಎಲ್ಲವೂ ನನ್ನ ಪಾಲಿಗೆ ಬಂದಿವೆ. ತಲೆನೋವಿನ ಮಾತ್ರೆಯಿಂದ ಹಿಡಿದು ಸೊಳ್ಳೆ ಮುಲಾಮಿನವರೆಗೆ ಪಟ್ಟಿ ಬೆಳೆದಿದೆಯಾದರೂ ಒಂದು ವಿಷಯ ಮಾತ್ರ ಯಾರ ಬಾಯಿಂದಲೂ ಹೊರಬಿದ್ದಿಲ್ಲ. ಗುಂಪಿನಲ್ಲಿ ಎರಡು ಜೋಡಿಗಳಿದ್ದಾರೆ. ಉಳಿದವರಲ್ಲಿ ಯಾರು ಯಾರಿಗೆ ಹತ್ತಿರವಾಗುವರೋ, ಅಲ್ಲಿ ಯಾರ ಪರಿಚಯವಾಗುವುದೋ ಈಗಲೇ ಹೇಳಲಾಗದು.

ಇದನ್ನು ಕೇಳಲು ಕಾರಣವಿದೆ. ಕಳೆದ ವರ್ಷದ ಪ್ರವಾಸದಲ್ಲಿ ನನ್ನ ಸ್ನೇಹಿತನೊಬ್ಬ ಬಳಸಿದ ಕಾಂಡೋಮ್ ಹರಿದುಹೋಯಿತು. ಅವನೂ ಅವನ ಗೆಳತಿಯೂ ಪರಸ್ಪರ ಸಮಾಧಾನ ಹೇಳಿಕೊಳ್ಳುತ್ತ, ಮೊಬೈಲಿನಲ್ಲಿ ಹುಡುಕುತ್ತ, ಔಷಧದಂಗಡಿಯ ಮುಂದೆ ಎರಡು ಬಾರಿ ನಡೆದುಹೋಗಿ ಒಳಗೆ ಕಾಲಿಡಲಾರದೆ ಹಿಂದಿರುಗುತ್ತ ಎರಡು ದಿನ ಕಳೆದರು. ಮಾತ್ರೆ ತೆಗೆದುಕೊಳ್ಳುವ ಹೊತ್ತಿಗೆ ಮೂರನೆಯ ದಿನದ ಸಂಜೆಯಾಗಿತ್ತು. ಅದೃಷ್ಟವಶಾತ್ ಏನೂ ಆಗಲಿಲ್ಲ, ಆದರೆ ಮುಂದಿನ ಮುಟ್ಟು ಬರುವವರೆಗೆ ಆ ಹುಡುಗಿ ಪಟ್ಟ ಪಾಡನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದ್ದರಿಂದ ತಿಳಿದವರು ಹೇಳಬೇಕೆಂದು ಕೋರುತ್ತೇನೆ: ಹೊರಡುವ ಮೊದಲು ನಾವು ಏನನ್ನು ತೀರ್ಮಾನಿಸಿಕೊಂಡಿರಬೇಕು, ಪೆಟ್ಟಿಗೆಯಲ್ಲಿ ಏನಿರಬೇಕು, ಏನಾದರೂ ಎಡವಟ್ಟಾದರೆ ಮೊದಲು ಎಲ್ಲಿಗೆ ಹೋಗಬೇಕು? ದಯವಿಟ್ಟು ಕುಹಕವಾಗಲಿ ಉಪದೇಶವಾಗಲಿ ಬೇಡ.

ಔಷಧದಂಗಡಿಯಲ್ಲಿ ಕೆಲಸ ಮಾಡುವವಳು

ಅಂಗಡಿಯ ಮುಂದೆ ಎರಡು ಬಾರಿ ನಡೆದುಹೋಗುವವರನ್ನು ನಾನು ಗಾಜಿನ ಈಚೆಯಿಂದ ಹಲವು ಬಾರಿ ನೋಡಿದ್ದೇನೆ. ಅವರು ಒಳಗೆ ಬಂದು ಮೊದಲು ಕೆಮ್ಮಿನ ಔಷಧ ಕೇಳುತ್ತಾರೆ, ಬೇರೆ ಗಿರಾಕಿಗಳು ಹೋಗಲೆಂದು ಕಾಯುತ್ತಾರೆ. ಕೌಂಟರಿನ ಈಚೆ ನಿಂತವರಿಗೆ ಇದು ಬ್ಯಾಂಡೇಜು ಮಾರಿದಷ್ಟೇ ಮಾಮೂಲು ವ್ಯವಹಾರವೆಂಬುದನ್ನು ನಿಮ್ಮ ಗುಂಪಿಗೆ ಮೊದಲು ತಿಳಿಸಿ.

ಕಾಂಡೋಮ್ ಹರಿಯುವುದಕ್ಕೆ ಬಹಳ ಸಲ ತಯಾರಕರಿಗಿಂತ ಇಟ್ಟ ಜಾಗ ಮತ್ತು ಬಳಸಿದ ರೀತಿ ಕಾರಣವಾಗಿರುತ್ತವೆ. ಬಹುಪಾಲು ಕಾಂಡೋಮುಗಳು ಲೇಟೆಕ್ಸ್ ಎಂಬ ರಬ್ಬರಿನವು, ಮತ್ತು ರಬ್ಬರಿಗೆ ಬಿಸಿಯೂ ಉಜ್ಜಾಟವೂ ಶತ್ರುಗಳು. ಪ್ಯಾಂಟಿನ ಹಿಂಜೇಬಿನ ಪರ್ಸಿನಲ್ಲಿ ತಿಂಗಳುಗಟ್ಟಲೆ ಮಡಚಿಕೊಂಡು ಕೂತದ್ದನ್ನು ನಂಬಬಾರದು. ಬಳಸುವ ಮೊದಲು ಅವಧಿ ಮುಗಿಯುವ ದಿನಾಂಕವನ್ನು ನೋಡಿ. ಪೊಟ್ಟಣವನ್ನು ಬೆರಳಿನಿಂದ ಒತ್ತಿದರೆ ಒಳಗಿನ ಗಾಳಿ ಮೆತ್ತೆಯಂತೆ ತಗಲಬೇಕು, ಅದು ಚಪ್ಪಟೆಯಾಗಿದ್ದರೆ ಎಲ್ಲೋ ತೂತಾಗಿದೆ ಎಂದರ್ಥ. ಹಲ್ಲಿನಿಂದ ಕಚ್ಚಿ ಹರಿಯಬೇಡಿ. ತುದಿಯನ್ನು ಚಿವುಟಿ ಹಿಡಿದು ಗಾಳಿ ತೆಗೆದು ಬುಡದವರೆಗೆ ಬಿಡಿಸಬೇಕು. ತಲೆಕೆಳಗಾಗಿ ಇಟ್ಟುಬಿಟ್ಟರೆ ಅದನ್ನೇ ತಿರುಗಿಸಿ ಹಾಕದೆ ಹೊಸದನ್ನು ತೆಗೆದುಕೊಳ್ಳಬೇಕು. ಮುಗಿದ ಕೂಡಲೇ, ಗಡಸುತನ ಇಳಿಯುವ ಮೊದಲೇ, ಬುಡವನ್ನು ಹಿಡಿದುಕೊಂಡು ಹೊರತೆಗೆಯಬೇಕು. ಎರಡು ಕಾಂಡೋಮುಗಳನ್ನು ಒಂದರ ಮೇಲೊಂದು ಧರಿಸಿದರೆ ರಕ್ಷಣೆ ಇಮ್ಮಡಿಯಾಗುವುದಿಲ್ಲ, ಪರಸ್ಪರ ಉಜ್ಜಿ ಎರಡೂ ಹರಿಯುವ ಸಂಭವವೇ ಹೆಚ್ಚು.

ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು ಎಣ್ಣೆ. ತೆಂಗಿನ ಎಣ್ಣೆ, ವ್ಯಾಸಲೀನ್, ಮೈಗೆ ಹಚ್ಚುವ ಲೋಷನ್, ಬಿಸಿಲಿಗೆ ಹಚ್ಚುವ ಎಣ್ಣೆಯಂಶದ ಕ್ರೀಮ್, ಇವೆಲ್ಲ ಲೇಟೆಕ್ಸನ್ನು ಕೆಲವೇ ನಿಮಿಷಗಳಲ್ಲಿ ದುರ್ಬಲಗೊಳಿಸುತ್ತವೆ. ಕಡಲತೀರದಲ್ಲಿ ಕೈಗೆಲ್ಲ ಸನ್‌ಸ್ಕ್ರೀನ್ ಬಳಿದುಕೊಂಡವರು ಅದೇ ಕೈಯಲ್ಲಿ ಕಾಂಡೋಮ್ ಮುಟ್ಟಿದರೂ ಇದೇ ಕಥೆ. ಜಾರುವಿಕೆ ಬೇಕಾದರೆ ನೀರಿನಂಶದ ಅಥವಾ ಸಿಲಿಕೋನ್‌ನ ಜೆಲ್ ಬಳಸಬೇಕು. ಲೇಟೆಕ್ಸ್ ಅಲರ್ಜಿಯಿದ್ದವರಿಗೆ ಪಾಲಿಯುರೆಥೇನ್‌ನವು ಸಿಗುತ್ತವೆ. ಹೆಣ್ಣುಮಕ್ಕಳೇ ಧರಿಸುವ ಕಾಂಡೋಮ್ ಕೂಡ ಇದೆ. ಅದನ್ನೂ ಗಂಡಸರದ್ದನ್ನೂ ಒಟ್ಟಿಗೆ ಬಳಸಬಾರದು.

ಜನ ಸಾಮಾನ್ಯವಾಗಿ ಬಳಸುವ ರೀತಿಯಲ್ಲಿ ಕಾಂಡೋಮ್ ಒಂದನ್ನೇ ನೆಚ್ಚಿಕೊಂಡ ನೂರು ಹೆಂಗಸರಲ್ಲಿ ವರ್ಷದಲ್ಲಿ ಸುಮಾರು 13 ಮಂದಿ ಗರ್ಭಿಣಿಯರಾಗುತ್ತಾರೆ. ಪ್ರತಿ ಬಾರಿಯೂ ಸರಿಯಾಗಿ ಬಳಸಿದರೆ ಈ ಸಂಖ್ಯೆ 2ಕ್ಕೆ ಇಳಿಯುತ್ತದೆ. ಅಂತರವೆಲ್ಲ ಕೈಚಳಕದ್ದು. ವೀರ್ಯ ಬೀಳುವ ಮೊದಲು ಹೊರತೆಗೆಯುವ ಉಪಾಯವನ್ನು ನಂಬಿದವರಲ್ಲಿ ಇದೇ ಸಂಖ್ಯೆ ಸುಮಾರು 20.

ಇನ್ನು ನಿಮ್ಮ ಸ್ನೇಹಿತನ ವಿಷಯ. ತುರ್ತು ಗರ್ಭನಿರೋಧಕ ಮಾತ್ರೆಗಳಲ್ಲಿ ಮುಖ್ಯವಾದವು ಎರಡು. 1.5 ಮಿಲಿಗ್ರಾಂ ಲೆವೊನಾರ್‌ಜೆಸ್ಟ್ರೆಲ್ ಮಾತ್ರೆಯನ್ನು 72 ಗಂಟೆಗಳೊಳಗೆ ನುಂಗಬೇಕು. ಅದಾದ ಮೇಲೂ ಸ್ವಲ್ಪ ಪ್ರಯೋಜನವಾಗಬಹುದಾದರೂ ಶಕ್ತಿ ಗಂಟೆಗಂಟೆಗೂ ಕುಗ್ಗುತ್ತಿರುತ್ತದೆ. 30 ಮಿಲಿಗ್ರಾಂ ಉಲಿಪ್ರಿಸ್ಟಾಲ್ 120 ಗಂಟೆಗಳವರೆಗೆ ಕೆಲಸ ಮಾಡುತ್ತದೆ, ಆದರೆ ಎಲ್ಲ ದೇಶಗಳಲ್ಲೂ ಸಿಗುವುದಿಲ್ಲ, ಕೆಲವೆಡೆ ವೈದ್ಯರ ಚೀಟಿ ಬೇಕಾಗುತ್ತದೆ. ಇವೆರಡಕ್ಕಿಂತಲೂ ಪರಿಣಾಮಕಾರಿಯಾದದ್ದು ಐದು ದಿನಗಳೊಳಗೆ ವೈದ್ಯರಿಂದ ಗರ್ಭಕೋಶದೊಳಗೆ ಹಾಕಿಸಿಕೊಳ್ಳುವ ತಾಮ್ರದ ವಂಕಿ (ಕಾಪರ್-ಟಿ). ಮಾತ್ರೆಗಳು ಅಂಡ ಬಿಡುಗಡೆಯಾಗುವುದನ್ನು ಮುಂದೂಡುತ್ತವೆಯೇ ಹೊರತು ಆಗಲೇ ನೆಲೆಗೊಂಡ ಗರ್ಭವನ್ನು ಕೆಡಿಸುವುದಿಲ್ಲ. ಆದ್ದರಿಂದಲೇ ತಡಮಾಡಬಾರದು: ತಡವಾದಷ್ಟೂ, ಮುಂದೂಡಬೇಕಾದ ಅಂಡ ಅದಾಗಲೇ ಬಿಡುಗಡೆಯಾಗಿಬಿಟ್ಟಿರುವ ಸಂಭವ ಹೆಚ್ಚು.

ಲೆವೊನಾರ್‌ಜೆಸ್ಟ್ರೆಲ್ ನುಂಗಿದ ಎರಡು ಗಂಟೆಗಳೊಳಗೆ ವಾಂತಿಯಾದರೆ ಇನ್ನೊಂದು ಮಾತ್ರೆ ಬೇಕಾಗುತ್ತದೆ. ದೇಹತೂಕ ಹೆಚ್ಚಿರುವವರಲ್ಲಿ ಅದರ ಪರಿಣಾಮ ಕಡಿಮೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಮೂರ್ಛೆರೋಗಕ್ಕೆ ಕೊಡುವ ಕಾರ್ಬಮಜೆಪಿನ್ ಮತ್ತು ಫೆನಿಟೋಯಿನ್ ಇದರ ಬಲವನ್ನು ಕುಗ್ಗಿಸುತ್ತವೆ, ಹಾಗಾಗಿ ಇವನ್ನು ತೆಗೆದುಕೊಳ್ಳುತ್ತಿರುವವರು ಔಷಧದಂಗಡಿಯಲ್ಲಿ ಅದನ್ನು ಬಾಯಿಬಿಟ್ಟು ಹೇಳಲೇಬೇಕು. ಮುಂದಿನ ಮುಟ್ಟು ಒಂದು ವಾರಕ್ಕಿಂತ ಹೆಚ್ಚು ತಡವಾದರೆ ಗರ್ಭ ಪರೀಕ್ಷೆ ಮಾಡಿಕೊಳ್ಳಬೇಕು.

ಒಬ್ಬ ತಂದೆ

ನನ್ನ ಮಗಳು ಮುಂದಿನ ತಿಂಗಳು ಇಂಥದೇ ಪ್ರವಾಸಕ್ಕೆ ಹೊರಟಿದ್ದಾಳೆ, ಅದಕ್ಕಾಗಿಯೇ ಓದುತ್ತಿದ್ದೇನೆ. ಯಾರನ್ನೂ ನೋಯಿಸುವ ಉದ್ದೇಶವಿಲ್ಲ, ಆದರೆ ಒಂದು ಮಾತನ್ನು ಕೇಳದಿರಲಾರೆ: ಔಷಧದ ಪೆಟ್ಟಿಗೆಯಲ್ಲಿ ಇವನ್ನೆಲ್ಲ ಇಟ್ಟು ಕಳುಹಿಸಿದರೆ, ಬೇಡವೆಂದುಕೊಂಡಿದ್ದವರಿಗೂ ನಾವೇ ದಾರಿ ತೋರಿಸಿದಂತಾಗುವುದಿಲ್ಲವೇ?

ನಿವೃತ್ತ ಶುಶ್ರೂಷಕಿ

ಸರ್, ತಮ್ಮ ಪ್ರಶ್ನೆ ನ್ಯಾಯವಾದದ್ದೇ, ಮತ್ತು ಇದನ್ನು ಬಹಳ ಮಂದಿ ಅಧ್ಯಯನ ಮಾಡಿ ನೋಡಿದ್ದಾರೆ. ಲೈಂಗಿಕ ಶಿಕ್ಷಣದ ಬಗ್ಗೆ ಯುನೆಸ್ಕೊ 2018ರಲ್ಲಿ ಪರಿಷ್ಕರಿಸಿ ಹೊರತಂದ ಮಾರ್ಗದರ್ಶಿಯು ಅನೇಕ ದೇಶಗಳ ಅಧ್ಯಯನಗಳನ್ನು ಒಟ್ಟಿಗಿಟ್ಟು, ಇಂಥ ತಿಳಿವಳಿಕೆಯಿಂದ ಯುವಜನರ ಲೈಂಗಿಕ ಚಟುವಟಿಕೆಯಾಗಲಿ ಅಪಾಯಕ್ಕೆ ಒಡ್ಡಿಕೊಳ್ಳುವ ನಡವಳಿಕೆಯಾಗಲಿ ಹೆಚ್ಚುವುದಿಲ್ಲ ಎಂದು ಹೇಳಿತು. ನನ್ನ ಅನುಭವವೂ ಅದೇ. ರಾತ್ರಿ ಪಾಳಿಯಲ್ಲಿ ನನ್ನ ಮುಂದೆ ಅಳುತ್ತ ಕುಳಿತ ಹುಡುಗಿಯರಲ್ಲಿ ಹೆಚ್ಚಿನವರಿಗೆ ತಿಳಿವಳಿಕೆ ಮೀರಿಹೋಗಿರಲಿಲ್ಲ, ಸಾಲದಾಗಿತ್ತು. ಪೆಟ್ಟಿಗೆಯಲ್ಲಿ ಬ್ಯಾಂಡೇಜು ಇದೆಯೆಂದು ಯಾರೂ ಬೇಕೆಂದೇ ಮಂಡಿ ಒಡೆದುಕೊಳ್ಳುವುದಿಲ್ಲವಲ್ಲ!

ಆದರೆ ಪೆಟ್ಟಿಗೆಗಿಂತ ಮೊದಲು ಇತ್ಯರ್ಥವಾಗಬೇಕಾದದ್ದು ಒಪ್ಪಿಗೆಯ ವಿಚಾರ. ಇದನ್ನು ಹುಡುಗರಿಗೊಂದು ಬಗೆ, ಹುಡುಗಿಯರಿಗೊಂದು ಬಗೆ ಎಂದು ಬೇರೆ ಬೇರೆ ಹೇಳುವುದು ನನಗೆ ಸರಿಕಾಣುವುದಿಲ್ಲ. ಹದಿನಾಲ್ಕು ಮಂದಿಯೂ ಒಂದೇ ಕಡೆ ಕುಳಿತು ಕೇಳಿಸಿಕೊಳ್ಳಬೇಕು. ಒಂದೇ ಕೋಣೆಯಲ್ಲಿ ಮಲಗಲು ಒಪ್ಪಿದ್ದು ಬೇರೆ ಯಾವುದಕ್ಕೂ ಒಪ್ಪಿದಂತಲ್ಲ. ನಿನ್ನೆಯ ಒಪ್ಪಿಗೆ ಇಂದಿಗೆ ಸಲ್ಲುವುದಿಲ್ಲ, ಮುತ್ತಿಗೆ ಕೊಟ್ಟ ಒಪ್ಪಿಗೆ ಮುಂದಿನದಕ್ಕೆ ಸಲ್ಲುವುದಿಲ್ಲ, ಮತ್ತು ನಡುವೆ ಬೇಡವೆನಿಸಿದರೆ ಅಲ್ಲಿಗೆ ನಿಲ್ಲಬೇಕು. ಕಾಂಡೋಮ್ ಬಳಸುವೆನೆಂದು ಹೇಳಿ ಎದುರಿನವರಿಗೆ ತಿಳಿಯದಂತೆ ತೆಗೆದುಹಾಕುವುದು ಕೂಡ ಒಪ್ಪಿಗೆಯ ಉಲ್ಲಂಘನೆಯೇ. ಕ್ಯಾಲಿಫೋರ್ನಿಯಾ ರಾಜ್ಯ 2021ರಲ್ಲಿ ಇದರ ವಿರುದ್ಧ ನ್ಯಾಯಾಲಯಕ್ಕೆ ಹೋಗಿ ಪರಿಹಾರ ಕೇಳಲು ಕಾನೂನು ಮಾಡಿತು.

ಅಮಲಿನಲ್ಲಿ ತೊದಲುತ್ತಿರುವವರು, ನಿಲ್ಲಲಾರದವರು, ಎಲ್ಲಿದ್ದೇವೆಂಬ ಪರಿವೆಯಿಲ್ಲದವರು, ನಿದ್ದೆಗೆ ಜಾರುತ್ತಿರುವವರು ಒಪ್ಪಿಗೆ ಕೊಡಬಲ್ಲ ಸ್ಥಿತಿಯಲ್ಲಿರುವುದಿಲ್ಲ. ಎದುರಿನವರು ಆ ಸ್ಥಿತಿಯಲ್ಲಿದ್ದಾರೋ ಇಲ್ಲವೋ ಎಂಬ ಅನುಮಾನವೇ ಬಂದರೆ, ಬೇಡವೆಂಬುದೇ ಉತ್ತರ. "ನಾನೂ ಕುಡಿದಿದ್ದೆ" ಎಂಬ ನೆಪ ನಡೆಯುವುದಿಲ್ಲ.

ಕುಡಿತದ ಬಗ್ಗೆ ಇನ್ನೊಂದು ಮಾತು. ಗ್ಲಾಸಿಗೆ ಯಾರೋ ಏನೋ ಬೆರೆಸುತ್ತಾರೆಂಬ ಭಯ ಎಲ್ಲರಿಗೂ ಇದೆ, ಅದು ಸುಳ್ಳೂ ಅಲ್ಲ. ಆದರೆ ಅತ್ಯಾಚಾರಕ್ಕೆ ಅತಿ ಹೆಚ್ಚಾಗಿ ಬಳಕೆಯಾಗುವ ಅಮಲು ಪದಾರ್ಥ ಮದ್ಯವೇ. ಕುಡಿದ ಪ್ರಮಾಣಕ್ಕೆ ಮೀರಿ ಒಬ್ಬರಿಗೆ ತಲೆ ಸುತ್ತತೊಡಗಿದರೆ ಸ್ನೇಹಿತರು ಅವರನ್ನು ಒಂಟಿಯಾಗಿ ಬಿಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಹೀಗೆ ಗುಟ್ಟಾಗಿ ಬೆರೆಸುವ ಜಿಎಚ್‌ಬಿಯಂಥ ಅಮಲು ಪದಾರ್ಥ ಮೂತ್ರದಲ್ಲಿ ಸುಮಾರು 12 ಗಂಟೆಗಳ ಮೇಲೆ ಪತ್ತೆಯಾಗುವುದು ಕಷ್ಟ, ಆದ್ದರಿಂದ ಬೆಳಗಾಗಲಿ ನೋಡೋಣ ಎನ್ನಬಾರದು. ಎಬ್ಬಿಸಿದರೆ ಏಳದಿರುವುದು, ಉಸಿರು ನಿಮಿಷಕ್ಕೆ ಎಂಟಕ್ಕಿಂತ ಕಡಿಮೆಯಾಗುವುದು, ತುಟಿ ಅಥವಾ ಉಗುರು ನೀಲಿಗಟ್ಟುವುದು, ಇವು ಮದ್ಯ ವಿಷವಾಗಿರುವುದರ ಲಕ್ಷಣಗಳು. ಅಂಥವರನ್ನು ಒಂದು ಮಗ್ಗುಲಿಗೆ ಮಲಗಿಸಿ ತುರ್ತು ಸೇವೆಗೆ ಕರೆ ಮಾಡಿ, ಅವರ ಪಕ್ಕದಲ್ಲೇ ಕುಳಿತಿರಿ. ಕಾಫಿ ಕುಡಿಸುವುದರಿಂದಲೂ ತಣ್ಣೀರು ಸುರಿಯುವುದರಿಂದಲೂ ಅಮಲು ಇಳಿಯುವುದಿಲ್ಲ.

ಎರಡನೆಯ ವರ್ಷದ ವಿದ್ಯಾರ್ಥಿನಿ

ನನ್ನದೊಂದು ಪ್ರಶ್ನೆ, ಸ್ವಲ್ಪ ಪಕ್ಕದ್ದೆನಿಸಬಹುದು. ಪ್ರವಾಸದ ದಿನಗಳಲ್ಲೇ ಮುಟ್ಟು ಬರುವಂತಿರುವುದರಿಂದ ಮುಂದೂಡುವ ಮಾತ್ರೆ ತೆಗೆದುಕೊಳ್ಳುವಂತೆ ಸ್ನೇಹಿತೆಯರು ಹೇಳಿದರು. ಅವರಲ್ಲೊಬ್ಬಳು, ಆ ಮಾತ್ರೆ ತೆಗೆದುಕೊಳ್ಳುವಷ್ಟು ದಿನ ಗರ್ಭ ನಿಲ್ಲುವ ಭಯವೂ ಇರುವುದಿಲ್ಲ ಎಂದಳು. ಇದು ನಿಜವೇ? ಹಾಗೆಯೇ, ಮುಟ್ಟಿನ ಹಿಂದುಮುಂದಿನ ದಿನಗಳು ಸುರಕ್ಷಿತವೆಂದು ಹೇಳುತ್ತಾರಲ್ಲ, ಅದನ್ನು ಎಷ್ಟು ನಂಬಬಹುದು?

ಔಷಧದಂಗಡಿಯಲ್ಲಿ ಕೆಲಸ ಮಾಡುವವಳು

ಪಕ್ಕದ್ದಲ್ಲ, ಅಂಗಡಿಯಲ್ಲಿ ರಜೆಯ ಕಾಲಕ್ಕೆ ನಾನು ಹೆಚ್ಚಾಗಿ ಕೇಳಿಸಿಕೊಳ್ಳುವ ಪ್ರಶ್ನೆಯೇ ಇದು. ನಿಮ್ಮ ಸ್ನೇಹಿತೆ ಹೇಳಿದ್ದು ತಪ್ಪು. ಮುಟ್ಟು ಮುಂದೂಡಲು ಸಾಮಾನ್ಯವಾಗಿ ಕೊಡುವುದು ನೊರೆಥಿಸ್ಟೆರಾನ್. 5 ಮಿಲಿಗ್ರಾಮಿನ ಮಾತ್ರೆಯನ್ನು ದಿನಕ್ಕೆ ಮೂರು ಬಾರಿ, ಮುಟ್ಟು ಬರಬೇಕಾದ ದಿನಕ್ಕೆ ಮೂರು ದಿನ ಮೊದಲಿನಿಂದ ಆರಂಭಿಸುತ್ತಾರೆ, ನಿಲ್ಲಿಸಿದ ಎರಡು ಮೂರು ದಿನಗಳಲ್ಲಿ ಮುಟ್ಟಾಗುತ್ತದೆ. ಹೀಗೆ ತೆಗೆದುಕೊಂಡದ್ದನ್ನು ಗರ್ಭನಿರೋಧಕವೆಂದು ಎಣಿಸಬಾರದು. ಜೊತೆಗೆ, ಈ ಪ್ರಮಾಣದಲ್ಲಿ ಅದರ ಒಂದು ಪಾಲು ದೇಹದೊಳಗೆ ಈಸ್ಟ್ರೊಜೆನ್ ಆಗಿ ಮಾರ್ಪಡುವುದರಿಂದ, ಹಿಂದೆ ರಕ್ತ ಹೆಪ್ಪುಗಟ್ಟಿದ ತೊಂದರೆಯಿದ್ದವರು ವೈದ್ಯರನ್ನು ಕೇಳದೆ ಮುಟ್ಟಲೇಬಾರದು. ಹೊತ್ತುಗಟ್ಟಲೆ ಕಾಲು ಮಡಚಿಕೊಂಡು ಕೂರುವ ಪ್ರಯಾಣವೂ ಅದೇ ಅಪಾಯವನ್ನು ಹೆಚ್ಚಿಸುತ್ತದೆ. ಸ್ನೇಹಿತೆಯ ಚೀಟಿಯಲ್ಲಿ ತಂದ ಮಾತ್ರೆ ನಿಮ್ಮ ದೇಹಕ್ಕೆ ಹೊಂದಬೇಕೆಂದೇನೂ ಇಲ್ಲ.

ಸುರಕ್ಷಿತ ದಿನಗಳ ಲೆಕ್ಕ ರಜೆಯಲ್ಲಿ ಸುಲಭವಾಗಿ ಕೈಕೊಡುತ್ತದೆ. ವೀರ್ಯಾಣುಗಳು ಹೆಣ್ಣಿನ ದೇಹದೊಳಗೆ ಐದು ದಿನಗಳವರೆಗೆ ಬದುಕಿರಬಲ್ಲವು, ಅಂಡ ಬಿಡುಗಡೆಯಾಗುವ ದಿನವೋ ನಿದ್ದೆಗೆಟ್ಟರೆ, ಪ್ರಯಾಣದ ಆಯಾಸವಾದರೆ, ಪರೀಕ್ಷೆಯ ಒತ್ತಡ ಬಿದ್ದರೆ ಹಿಂದುಮುಂದಾಗಬಹುದು. ಹಾಗಿರುವಾಗ ಕ್ಯಾಲೆಂಡರಿನ ಮೇಲೆ ಬೆರಳಿಟ್ಟು ನಿಶ್ಚಿಂತರಾಗುವುದು ಸಲ್ಲದು. ದಿನವೂ ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರು ಮೊಬೈಲಿನಲ್ಲಿ ಅಲಾರಂ ಇಟ್ಟುಕೊಳ್ಳಿ. ಎರಡು ಹಾರ್ಮೋನುಗಳಿರುವ ಸಾಮಾನ್ಯ ಸಂಯುಕ್ತ ಮಾತ್ರೆಗಳಲ್ಲಿ ಒಂದು ತಪ್ಪಿದರೆ ನೆನಪಾದ ಕೂಡಲೇ ನುಂಗಿದರಾಯಿತು. ಎರಡು ಅಥವಾ ಹೆಚ್ಚು ತಪ್ಪಿದರೆ ಮುಂದಿನ ಏಳು ದಿನ ಕಾಂಡೋಮ್ ಇಲ್ಲದೆ ಕೂಡಬಾರದು. ಪ್ರವಾಸದಲ್ಲಿ ಹೊಟ್ಟೆ ಕೆಟ್ಟು ಒಂದು ದಿನಕ್ಕಿಂತ ಹೆಚ್ಚು ವಾಂತಿಭೇದಿಯಾದರೂ ಮಾತ್ರೆ ತಪ್ಪಿದಂತೆಯೇ ಲೆಕ್ಕ.

ಇನ್ನೊಂದು: ಒದ್ದೆ ಈಜುಡುಪಿನಲ್ಲಿ ದಿನವಿಡೀ ಕೂರುವುದರಿಂದ ಶಿಲೀಂಧ್ರದ ಸೋಂಕಾಗಿ ತುರಿಕೆ ಕಾಣಿಸಬಹುದು. ಸಂಭೋಗದ ನಂತರ ಮೂತ್ರ ವಿಸರ್ಜಿಸುವುದು, ಸಾಕಷ್ಟು ನೀರು ಕುಡಿಯುವುದು ಉರಿಮೂತ್ರವನ್ನು ದೂರವಿಡಲು ನೆರವಾಗುತ್ತವೆ. ಮುಟ್ಟಿನ ದಿನಗಳಲ್ಲಿ ಒಳಗಿಟ್ಟುಕೊಳ್ಳುವ ಟ್ಯಾಂಪನ್ ಬಳಸುವವರು ಅದನ್ನು ಎಂಟು ಗಂಟೆಗಳಿಗಿಂತ ಹೆಚ್ಚು ಹೊತ್ತು ಬಿಡಬಾರದು.

ಲಕ್ಷಣವೇ ಇಲ್ಲದೆ ಸೋಂಕು ತಗಲಿಸಿಕೊಂಡವನು

ಇಷ್ಟು ಹೊತ್ತು ಗರ್ಭದ ಮಾತೇ ನಡೆಯಿತು. ನನಗೆ ಎಂದೂ ಏನೂ ನೋವಾಗಿರಲಿಲ್ಲ, ಸ್ರಾವವಿರಲಿಲ್ಲ, ಉರಿಯಿರಲಿಲ್ಲ. ರಜೆಯಲ್ಲಿ ಪರಿಚಯವಾದ ಹುಡುಗಿಯೊಬ್ಬಳು ಮೂರು ವಾರಗಳ ನಂತರ ತನಗೆ ಕ್ಲಮೀಡಿಯಾ ಎಂಬ ಲೈಂಗಿಕ ಸೋಂಕು ಇರುವುದು ಪರೀಕ್ಷೆಯಲ್ಲಿ ತಿಳಿಯಿತೆಂದೂ, ನಾನೂ ಪರೀಕ್ಷಿಸಿಕೊಳ್ಳಬೇಕೆಂದೂ ಸಂದೇಶ ಕಳುಹಿಸಿದಳು. ಮೊದಲು ಕೋಪ ಬಂತು, ಆಮೇಲೆ ಅವಳ ಧೈರ್ಯಕ್ಕೆ ತಲೆಬಾಗಬೇಕೆನಿಸಿತು. ಅವಳು ಹೇಳದೆ ಸುಮ್ಮನಿದ್ದಿದ್ದರೆ ನಾನು ಅದನ್ನು ಇನ್ನೊಬ್ಬರಿಗೆ ದಾಟಿಸುತ್ತಿದ್ದೆ.

ನಾನು ಹೋದ ಚಿಕಿತ್ಸಾಲಯದಲ್ಲಿ ಕಿಟಕಿಯಲ್ಲಿದ್ದವರು ಸಾಲಿನಲ್ಲಿ ನಿಂತ ಎಲ್ಲರಿಗೂ ಕೇಳಿಸುವಂತೆ ಯಾವ ಪರೀಕ್ಷೆಯೆಂದು ಕೂಗಿ ಕೇಳಿದರು, ನಾನು ಹಾಗೆಯೇ ಹೊರಗೆ ಬಂದುಬಿಟ್ಟೆ. ಮರುದಿನ ಬೇರೆ ಕಡೆ ಹೋದೆ. ಅಲ್ಲಿ ಕಾಗದದ ಮೇಲೆ ಬರೆದುಕೊಂಡು ಹೋಗಿ ತೋರಿಸಿದೆ, ಒಂದು ಮಾತೂ ಆಡಬೇಕಾಗಲಿಲ್ಲ. ಮೂತ್ರದ ಮಾದರಿ ಕೊಟ್ಟೆ, ಏಳು ದಿನಗಳ ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯಾಟಿಕ್ ಕೊಟ್ಟರು. ಔಷಧ ಮುಗಿಯುವವರೆಗೆ ಯಾರೊಂದಿಗೂ ಕೂಡಬಾರದೆಂದೂ, ಸಂಗಾತಿಗೂ ಚಿಕಿತ್ಸೆಯಾಗದಿದ್ದರೆ ಸೋಂಕು ಮರಳಿ ಬರುತ್ತದೆಂದೂ ಹೇಳಿದರು. ಕಾಗದದ ಉಪಾಯವನ್ನು ಯಾರು ಬೇಕಾದರೂ ಬಳಸಿಕೊಳ್ಳಿ.

ನಿವೃತ್ತ ಶುಶ್ರೂಷಕಿ

ತಮ್ಮಾ, ನೀನು ಎರಡನೆಯ ಕಡೆಗೆ ಹೋದದ್ದು ಒಳ್ಳೆಯದಾಯಿತು. ಕ್ಲಮೀಡಿಯಾ ಹೆಚ್ಚಿನವರಲ್ಲಿ ಲಕ್ಷಣವನ್ನೇ ತೋರದೆ ಇದ್ದುಬಿಡುತ್ತದೆ, ಹೆಂಗಸರಲ್ಲಿ ಗುಣಪಡಿಸದೆ ಬಿಟ್ಟರೆ ಗರ್ಭನಾಳಗಳಿಗೆ ಹರಡಿ ಮುಂದೆ ಬಂಜೆತನಕ್ಕೆ ಕಾರಣವಾಗಬಹುದು. ಕ್ಲಮೀಡಿಯಾ, ಗೊನೋರಿಯಾ, ಸಿಫಿಲಿಸ್, ಟ್ರೈಕೊಮೊನಿಯಾಸಿಸ್ ಎಂಬ ನಾಲ್ಕು ಗುಣಪಡಿಸಬಹುದಾದ ಸೋಂಕುಗಳೇ 2020ರಲ್ಲಿ ಜಗತ್ತಿನಾದ್ಯಂತ 15ರಿಂದ 49 ವರ್ಷದವರಲ್ಲಿ 37.4 ಕೋಟಿ ಹೊಸದಾಗಿ ತಗಲಿದವೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿತು. ಆದ್ದರಿಂದ ಸೋಂಕು ತಗಲಿದವರು ತಾವೊಬ್ಬರೇ ಪಾಪಿಗಳೆಂದು ತಿಳಿಯಬೇಕಾಗಿಲ್ಲ.

ಪರೀಕ್ಷೆಗೆ ಯಾವಾಗ ಹೋಗಬೇಕೆಂಬುದರಲ್ಲಿ ಅನೇಕರು ತಪ್ಪುತ್ತಾರೆ. ಸೋಮವಾರ ಊರಿಗೆ ಬಂದು ಮಂಗಳವಾರ ರಕ್ತ ಕೊಟ್ಟು, ಏನೂ ಇಲ್ಲವೆಂಬ ವರದಿ ಹಿಡಿದು ನೆಮ್ಮದಿಯಾಗಿ ಮಲಗುತ್ತಾರೆ. ಸೋಂಕು ಪರೀಕ್ಷೆಯಲ್ಲಿ ಕಾಣಿಸಿಕೊಳ್ಳಲು ಅದಕ್ಕೆ ಅದರದೇ ಆದ ಕಾಲ ಬೇಕು. ಕ್ಲಮೀಡಿಯಾ ಮತ್ತು ಗೊನೋರಿಯಾಕ್ಕೆ ಸುಮಾರು ಎರಡು ವಾರ. ಎಚ್‌ಐವಿಗೆ ಪ್ರಯೋಗಾಲಯದಲ್ಲಿ ಮಾಡುವ ನಾಲ್ಕನೆಯ ತಲೆಮಾರಿನ ರಕ್ತಪರೀಕ್ಷೆಯಲ್ಲಿ 18ರಿಂದ 45 ದಿನ, ಮನೆಯಲ್ಲೇ ಮಾಡಿಕೊಳ್ಳುವ ಬಹುಪಾಲು ಕಿಟ್‌ಗಳಲ್ಲಿ 90 ದಿನಗಳವರೆಗೂ ಬೇಕಾಗಬಹುದು. ಸಿಫಿಲಿಸ್‌ನ ನೋವಿಲ್ಲದ ಹುಣ್ಣು ಸಾಮಾನ್ಯವಾಗಿ ಮೂರು ವಾರಗಳಲ್ಲಿ ಕಾಣಿಸುತ್ತದೆ, ತಾನಾಗಿಯೇ ಮಾಯವೂ ಆಗುತ್ತದೆ. ಹುಣ್ಣು ಮಾಯವಾದ ಮಾತ್ರಕ್ಕೆ ರೋಗ ಹೋಗಿರುವುದಿಲ್ಲ.

ಆದರೆ ಎಚ್‌ಐವಿ ತಗಲಿರಬಹುದೆಂಬ ಅನುಮಾನವಿದ್ದರೆ ಪರೀಕ್ಷೆಯ ದಿನಕ್ಕಾಗಿ ಕಾಯಬಾರದು. ಪೆಪ್ ಎಂಬ ತಡೆ ಔಷಧವಿದೆ. ಅದನ್ನು 72 ಗಂಟೆಗಳೊಳಗೆ ಆರಂಭಿಸಿ 28 ದಿನ ಬಿಡದೆ ನುಂಗಬೇಕು; ಮೂರನೆಯ ದಿನಕ್ಕಿಂತ ಮೊದಲ ದಿನ ಆರಂಭಿಸಿದರೆ ಬಲ ಹೆಚ್ಚು. ಕಾಂಡೋಮ್ ಹರಿದ ಎಲ್ಲರಿಗೂ ಇದು ಬೇಕಾಗುವುದಿಲ್ಲ, ಬೇಕೇ ಎಂಬುದನ್ನು ವೈದ್ಯರು ಅಂದಾಜು ಮಾಡುತ್ತಾರೆ. ದೊಡ್ಡ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಹೆಸರು ಹೇಳಿ ಕೇಳಬೇಕು, ಏಕೆಂದರೆ ಕೇಳದಿದ್ದರೆ ಎಲ್ಲರೂ ತಾವಾಗಿ ಹೇಳುವುದಿಲ್ಲ. ಚಿಕಿತ್ಸೆ ತೆಗೆದುಕೊಂಡು ರಕ್ತದಲ್ಲಿ ವೈರಾಣು ಪತ್ತೆಯಾಗದ ಮಟ್ಟದಲ್ಲಿ ಉಳಿದಿರುವ ಎಚ್‌ಐವಿ ಬಾಧಿತರಿಂದ ಲೈಂಗಿಕ ಸಂಪರ್ಕದ ಮೂಲಕ ಸೋಂಕು ಹರಡುವುದಿಲ್ಲ ಎಂಬುದನ್ನೂ ತಿಳಿದಿರಬೇಕು.

ಲಸಿಕೆಯ ಮಾತು ಚಿಕ್ಕದು: ಯಕೃತ್ತಿನ ಸೋಂಕಾದ ಹೆಪಟೈಟಿಸ್ ಬಿ ಮತ್ತು ಗರ್ಭಕಂಠದ ಕ್ಯಾನ್ಸರಿಗೆ ಕಾರಣವಾಗುವ ವೈರಾಣುವಾದ ಎಚ್‌ಪಿವಿ, ಇವೆರಡರ ಲಸಿಕೆಗಳು ಹುಡುಗರಿಗೂ ಹುಡುಗಿಯರಿಗೂ ಇವೆ. ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸುಗಳು ಸಾಮಾನ್ಯವಾಗಿ ಆರು ತಿಂಗಳಲ್ಲಿ ಮುಗಿಯುವುದರಿಂದ ಹೊರಡುವ ವಾರದಲ್ಲಿ ನೆನಪಿಸಿಕೊಂಡರೆ ಈ ಪ್ರವಾಸಕ್ಕೆ ತಡವಾಯಿತು, ಆದರೂ ಆರಂಭಿಸಿ. ಎಚ್‌ಪಿವಿ ಮತ್ತು ಹರ್ಪಿಸ್ ಚರ್ಮದಿಂದ ಚರ್ಮಕ್ಕೆ ದಾಟುವಂಥವು, ಕಾಂಡೋಮ್ ಮುಚ್ಚದ ಜಾಗದಿಂದಲೂ ತಗಲುತ್ತವೆ.

ಇನ್ನೊಂದು ಬಗೆಯ ಜೋಡಿ

ಮೇಲಿನ ಬರಹಗಳಲ್ಲಿ ಜೋಡಿಯೆಂದರೆ ಗಂಡು ಹೆಣ್ಣು ಎಂದೇ ಎಲ್ಲರೂ ಎಣಿಸಿದಂತಿದೆ. ನಾನೂ ನನ್ನ ಗೆಳೆಯನೂ ಇಂಥದೇ ಗುಂಪು ಪ್ರವಾಸಗಳಿಗೆ ಹೋಗಿದ್ದೇವೆ. ನಮ್ಮಲ್ಲಿ ಗರ್ಭದ ಪ್ರಶ್ನೆಯಿಲ್ಲದಿರುವುದರಿಂದ ಕಾಂಡೋಮ್ ಏಕೆಂದು ಕೇಳುವವರಿದ್ದಾರೆ. ಗುದದ್ವಾರದ ಒಳಪದರ ತೆಳುವಾದದ್ದು, ಸುಲಭವಾಗಿ ಗಾಯವಾಗುತ್ತದೆ, ಸೋಂಕು ದಾಟುವ ಸಂಭವ ಅಲ್ಲಿಯೇ ಹೆಚ್ಚು, ಆದ್ದರಿಂದ ಕಾಂಡೋಮ್ ಮತ್ತು ನೀರಿನಂಶದ ಜೆಲ್ ಎರಡೂ ಬೇಕು. ಗೊನೋರಿಯಾ, ಸಿಫಿಲಿಸ್ ಬಾಯಿಯ ಮೂಲಕವೂ ಹರಡುತ್ತವೆ, ಗಂಟಲಿನ ಸೋಂಕು ಮೂತ್ರಪರೀಕ್ಷೆಯಲ್ಲಿ ಕಾಣುವುದಿಲ್ಲ, ಗಂಟಲಿನಿಂದಲೇ ಮಾದರಿ ತೆಗೆಯಬೇಕು. ಎಚ್‌ಐವಿಯ ಅಪಾಯಕ್ಕೆ ಮತ್ತೆ ಮತ್ತೆ ಒಡ್ಡಿಕೊಳ್ಳುವವರು ಮುಂಚಿತವಾಗಿಯೇ ತೆಗೆದುಕೊಳ್ಳುವ ಪ್ರೆಪ್ ಎಂಬ ಮಾತ್ರೆಯ ಬಗ್ಗೆ ವೈದ್ಯರೊಡನೆ ಮಾತಾಡಬೇಕು.

ಬೇರೆ ದೇಶಕ್ಕೆ ಹೋಗುವವರು ಅಲ್ಲಿನ ಕಾನೂನನ್ನು ಮೊದಲೇ ನೋಡಿಕೊಳ್ಳಿ. ಒಂದೇ ಲಿಂಗದವರ ಸಂಬಂಧವನ್ನು ಇಂದಿಗೂ ಅಪರಾಧವೆಂದು ಶಿಕ್ಷಿಸುವ ದೇಶಗಳು ಅನೇಕ ಇವೆ. ಅಂಥ ಕಡೆ ಡೇಟಿಂಗ್ ಆಪ್‌ನಲ್ಲಿ ಪರಿಚಯ ಮಾಡಿಕೊಂಡು ಬಂದು ಹಣ ಕೀಳುವವರೂ ಇರುತ್ತಾರೆ. ಎಲ್ಲಿಯೇ ಆದರೂ ಮೊದಲ ಭೇಟಿ ಜನರಿರುವ ಜಾಗದಲ್ಲಿರಲಿ, ಎಲ್ಲಿಗೆ, ಯಾರೊಂದಿಗೆ, ಎಷ್ಟು ಹೊತ್ತಿಗೆ ಹಿಂದಿರುಗುವಿರೆಂಬುದು ಗುಂಪಿನಲ್ಲಿ ಒಬ್ಬರಿಗಾದರೂ ತಿಳಿದಿರಲಿ.

ಒಬ್ಬ ತಂದೆ

ಎಲ್ಲವನ್ನೂ ಓದಿದೆ. ಶುಶ್ರೂಷಕಿಯವರ ಉತ್ತರಕ್ಕೆ ಕೃತಜ್ಞತೆಗಳು. ನನ್ನ ಮನಸ್ಸು ಪೂರ್ತಿ ಒಪ್ಪಿದೆಯೆಂದು ಹೇಳಲಾರೆ, ಆದರೆ ನನ್ನ ಪ್ರಶ್ನೆ ಈಗ ಬೇರೆಯಾಗಿದೆ. ಯಾರಾದರೂ ಬಲಾತ್ಕಾರ ಮಾಡಿದರೆ, ಅಥವಾ ಗುಟ್ಟಾಗಿ ಚಿತ್ರ ತೆಗೆದು ಬೆದರಿಸಿದರೆ, ಪರಊರಿನಲ್ಲಿರುವ ಮಕ್ಕಳು ಮೊದಲ ಕೆಲವು ಗಂಟೆಗಳಲ್ಲಿ ಏನು ಮಾಡಬೇಕು?

ನಿವೃತ್ತ ಶುಶ್ರೂಷಕಿ

ಬಲಾತ್ಕಾರವಾದರೆ ಮೊದಲು ಸುರಕ್ಷಿತವಾದ ಜಾಗ, ಆಮೇಲೆ ನಂಬಿಕೆಯ ಒಬ್ಬರು, ಆಮೇಲೆ ಆಸ್ಪತ್ರೆ. ಸ್ನಾನ ಮಾಡಬೇಕೆಂಬ ತವಕ ತಡೆಯಲಾರದಷ್ಟಿರುತ್ತದೆ; ಸಾಧ್ಯವಾದರೆ ತಡೆದುಕೊಳ್ಳಬೇಕು. ಬಟ್ಟೆ ಬದಲಿಸಿದ್ದರೆ ತೊಳೆಯದೆ ಕಾಗದದ ಚೀಲದಲ್ಲಿಡಬೇಕು, ಪ್ಲಾಸ್ಟಿಕ್ ಚೀಲದಲ್ಲಿ ತೇವ ನಿಂತು ಸಾಕ್ಷ್ಯ ಹಾಳಾಗುತ್ತದೆ. ಆದರೆ ಸ್ನಾನ ಮಾಡಿಬಿಟ್ಟಿದ್ದರೂ, ದಿನಗಳು ಕಳೆದಿದ್ದರೂ ಇನ್ನೇನು ಪ್ರಯೋಜನವೆಂದು ಹೋಗದೆ ಇರಬಾರದು. ಗಾಯದ ಆರೈಕೆ, ತುರ್ತು ಗರ್ಭನಿರೋಧಕ, ಪೆಪ್, ಹೆಪಟೈಟಿಸ್ ಬಿ ಲಸಿಕೆ, ಸೋಂಕಿಗೆ ಔಷಧ, ಇವಕ್ಕೆ ಚಿಕಿತ್ಸೆಯ ಹಕ್ಕು ದೂರು ಕೊಡುವ ತೀರ್ಮಾನಕ್ಕೆ ಅಂಟಿಕೊಂಡದ್ದಲ್ಲ. ಜೊತೆಗೆ ಹೋದ ಸ್ನೇಹಿತರು "ಅಲ್ಲಿಗೇಕೆ ಹೋಗಿದ್ದೆ" ಎಂಬ ಒಂದು ಪ್ರಶ್ನೆಯನ್ನು ಮಾತ್ರ ಕೇಳಬಾರದು. ನಲವತ್ತರ ಹತ್ತಿರ ವರ್ಷಗಳ ಸೇವೆಯಲ್ಲಿ ಆ ಪ್ರಶ್ನೆಯಿಂದ ಒಬ್ಬರಿಗೂ ಒಳಿತಾದದ್ದನ್ನು ನಾನು ಕಂಡಿಲ್ಲ.

ಚಿತ್ರದ ಬೆದರಿಕೆಗೆ ಹಣ ಕೊಡಬಾರದು, ಒಮ್ಮೆ ಕೊಟ್ಟರೆ ಬೇಡಿಕೆ ನಿಲ್ಲುವುದಿಲ್ಲ. ಸಂದೇಶಗಳನ್ನು ಅಳಿಸದೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು, ಆಮೇಲೆ ಬ್ಲಾಕ್ ಮಾಡಿ ದೂರು ಕೊಡಬೇಕು. ಹದಿನೆಂಟು ದಾಟಿದವರಿಗೆ ಸ್ಟಾಪ್ ಎನ್‌ಸಿಐಐ ಎಂಬ ಉಚಿತ ಸೇವೆಯಿದೆ, 2021ರ ಡಿಸೆಂಬರಿನಲ್ಲಿ ಆರಂಭವಾದದ್ದು. ಚಿತ್ರವನ್ನು ಯಾರಿಗೂ ಕಳುಹಿಸಬೇಕಾಗಿಲ್ಲ. ಅದರ ಬೆರಳಚ್ಚಿನಂಥ ಒಂದು ಗುರುತು ಸಂಕೇತ ನಿಮ್ಮ ಮೊಬೈಲಿನಲ್ಲೇ ತಯಾರಾಗುತ್ತದೆ, ಸೇವೆಯೊಂದಿಗೆ ಕೈಜೋಡಿಸಿದ ಜಾಲತಾಣಗಳು ಆ ಗುರುತಿಗೆ ಹೊಂದುವ ಚಿತ್ರವನ್ನು ಹುಡುಕಿ ತಡೆಯುತ್ತವೆ. ಎಲ್ಲ ತಾಣಗಳೂ ಸೇರಿಲ್ಲ, ಆದರೂ ಅದು ದೊಡ್ಡ ಆಸರೆ.

ಸರ್, ತಮಗೊಂದು ಮಾತು. ಇಂಥ ಸಂದರ್ಭದಲ್ಲಿ ಮಕ್ಕಳು ಮನೆಗೆ ಕರೆ ಮಾಡುವರೋ ಇಲ್ಲವೋ ಎಂಬುದು ಅವರು ಹೊರಡುವ ಮೊದಲೇ ತೀರ್ಮಾನವಾಗಿರುತ್ತದೆ.

ಪ್ರವಾಸದ ಹೊಣೆ ಹೊತ್ತವನು

ನಿನ್ನೆ ಸಂಜೆ ಹದಿಮೂರು ಮಂದಿ ಸೇರಿದ್ದೆವು, ಒಬ್ಬನಿಗೆ ಜ್ವರ. ನಾನು ಈ ಚರ್ಚೆಯನ್ನೇ ಓದಿ ಹೇಳಿದೆ. ಮೊದಲ ಹತ್ತು ನಿಮಿಷ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಸನ್‌ಸ್ಕ್ರೀನ್ ಮತ್ತು ಕಾಂಡೋಮಿನ ಸಂಗತಿ ಬಂದಾಗ ಒಬ್ಬಳು ನಕ್ಕಳು, ಅಲ್ಲಿಂದ ಮಾತು ಸರಾಗವಾಯಿತು. ತೀರ್ಮಾನಗಳು ಇವು: ಪ್ರತಿ ರಾತ್ರಿ ಇಬ್ಬರು ಸರದಿಯಂತೆ ಕುಡಿಯುವುದಿಲ್ಲ, ಅವರ ಮೊಬೈಲು ಆನ್ ಇರುತ್ತದೆ. ಹೊರಗೆ ಹೋದವರು ಒಬ್ಬರನ್ನೂ ಬಿಟ್ಟು ಹಿಂದಿರುಗುವಂತಿಲ್ಲ. ಯಾರಾದರೂ ಬೇರೆಯವರೊಂದಿಗೆ ಹೋಗುವುದಾದರೆ ಅದು ಎಚ್ಚರದಲ್ಲಿದ್ದು ಬಾಯಿಬಿಟ್ಟು ಹೇಳಿಯೇ ಆಗಬೇಕು. ಹೋಗುವ ಊರಿನ ತುರ್ತು ಸಂಖ್ಯೆ, ರಾತ್ರಿಯೂ ತೆರೆದಿರುವ ಔಷಧದಂಗಡಿ, ಪೆಪ್ ಸಿಗುವ ಆಸ್ಪತ್ರೆ ಎಲ್ಲರ ಮೊಬೈಲಿನಲ್ಲೂ ಇರುತ್ತವೆ. ಕಾಂಡೋಮ್, ಜೆಲ್, ಎರಡು ತುರ್ತು ಮಾತ್ರೆ ಪೆಟ್ಟಿಗೆಯಲ್ಲಿರುತ್ತವೆ, ತೆಗೆದುಕೊಂಡವರನ್ನು ಯಾರೂ ಏನೂ ಕೇಳುವುದಿಲ್ಲ. ಕೇಳಿ ಪಡೆಯಲು ಮುಜುಗರವಾಗದಿರಲೆಂದು ಪೆಟ್ಟಿಗೆಯನ್ನು ಕೋಣೆಯ ಬದಲು, ನಾವು ಬಾಡಿಗೆಗೆ ಪಡೆಯುವ ಕಾರಿನ ಮುಂದಿನ ಖಾನೆಯಲ್ಲಿ ಬೀಗ ಹಾಕದೆ ಇಡೋಣವೆಂದುಕೊಂಡಿದ್ದೇವೆ.

ಔಷಧದಂಗಡಿಯಲ್ಲಿ ಕೆಲಸ ಮಾಡುವವಳು

ಕಾರಿನಲ್ಲಿ ಬೇಡ! ಬಿಸಿಲಿನಲ್ಲಿ ನಿಂತ ಕಾರಿನ ಒಳಗಿನ ಶಾಖದಲ್ಲಿ ಕಾಂಡೋಮೂ ಕೆಡುತ್ತದೆ, ಮಾತ್ರೆಯೂ ಕೆಡುತ್ತದೆ. ಎಲ್ಲರೂ ಹಾದುಹೋಗುವ ಪಡಸಾಲೆಯಲ್ಲಿ, ಕಿಟಕಿಯ ಬಿಸಿಲು ಬೀಳದ ಕಪಾಟಿನೊಳಗೆ ಇಡಿ. ತಲೆನೋವಿನ ಮಾತ್ರೆಯೂ ಅದೇ ಪೆಟ್ಟಿಗೆಯಲ್ಲಿರಲಿ. ಆಗ ಕೈಹಾಕಿದವರು ಯಾವುದಕ್ಕೆ ಕೈಹಾಕಿದರೆಂದು ನೋಡುವವರಿಗೆ ತಿಳಿಯುವುದಿಲ್ಲ.